ಪಣಂಬೂರು ಬೀಚಲ್ಲಿ ಜಿಪಿಎಸ್ ಎತ್ತರ ಮೈನಸ್ 80 ಚಿಲ್ಲರೆ ತೋರಿಸ್ತದೆ, ಫೋನ್ ಹಾಳಾಗಿದ್ದಾ?

ಕಡಲಕರೆ
ಒಂದು ಡೌಟ್ ಉಂಟು ಮಾರಾಯ್ರೆ. ಚಾರಣಕ್ಕೆ ಹೋಗುವಾಗ ಬೇಕಾಗ್ತದೆ ಅಂತ ಆಂಡ್ರಾಯ್ಡ್ ಫೋನಿಗೆ ಒಂದು ಜಿಪಿಎಸ್ ಆ್ಯಪ್ ಹಾಕಿಕೊಂಡಿದ್ದೆ, ಈ ಸ್ಯಾಟಲೈಟ್ ಎಲ್ಲ ಬಣ್ಣ ಬಣ್ಣದ ಚುಕ್ಕಿಯಲ್ಲಿ ತೋರಿಸ್ತದಲ್ಲ ಅಂಥದ್ದು. ನಿನ್ನೆ ಪಣಂಬೂರಲ್ಲಿ ನೀರಿನ ಬದಿಯಲ್ಲೇ ನಿಂತು ನೋಡಿದ್ರೆ ಆಲ್ಟಿಟ್ಯೂಡ್ ಮೈನಸ್ ಎಂಬತ್ತು ಚಿಲ್ಲರೆ ಮೀಟರ್! ಪಕ್ಕದಲ್ಲಿದ್ದವನ ಐಫೋನಲ್ಲಿ 3 ಮೀಟರ್ ಬರ್ತಾ ಇತ್ತು. ಒಂದೆರಡು ಮೀಟರ್ ಆಚೆ ಈಚೆ ಆದ್ರೆ ಸಿಗ್ನಲ್ ವೀಕ್ ಅಂತ ಬಿಡಬಹುದಿತ್ತು, ಇದು ಇಪ್ಪತ್ತೈದು ಮಾಳಿಗೆಯಷ್ಟು ಕೆಳಗೆ. ಆ್ಯಪ್ ತೆಗೆದು ಬೇರೆ ಹಾಕಿದೆ, ಅದರಲ್ಲೂ ಅಷ್ಟೇ. ಗೊತ್ತಿದ್ದವರು ಹೇಳಿ.

ಸುಮ್ನೆ ಬಂದವ
ಮಂಗಳೂರು ಮುಳುಗೋ ವಿಷಯ ನಿಮ್ ಫೋನಿಗೆ ಅಡ್ವಾನ್ಸ್ ಆಗಿ ಗೊತ್ತಾಗಿದೆ ಗುರೂ

ಲೆವೆಲ್ ಪುಸ್ತಕ
ಫೋನ್ ಚೆನ್ನಾಗೇ ಇದೆ, ಸರ್ವಿಸ್ ಸೆಂಟರಿಗೆ ಹೋಗ್ಬೇಡಿ. ನಾನು ಸರ್ವೆ ಕೆಲಸದಲ್ಲಿ ಇರೋನು, ದಿನಾ ಇದೇ ತಲೆನೋವು.

ವಿಷಯ ಏನಪ್ಪಾ ಅಂದ್ರೆ ಜಿಪಿಎಸ್‌ಗೆ ಸಮುದ್ರ ಎಲ್ಲಿದೆ ಅಂತ್ಲೇ ಗೊತ್ತಿಲ್ಲ. ಅದು ಲೆಕ್ಕ ಹಾಕೋದು ಭೂಮಿಯ ಮಧ್ಯಬಿಂದುವಿನಿಂದ, ಆಮೇಲೆ ಡಬ್ಲ್ಯುಜಿಎಸ್ 84 ಅಂತ ಒಂದು ನುಣ್ಣಗಿನ ಎಲಿಪ್ಸಾಯಿಡ್ ಇಟ್ಕೊಂಡಿದೆ, ಧ್ರುವದ ಹತ್ರ ಸ್ವಲ್ಪ ಚಪ್ಪಟೆ ಮಾಡಿದ ಗೋಳ, ಅದಕ್ಕಿಂತ ನೀವು ಎಷ್ಟು ಮೇಲೆ ಎಷ್ಟು ಕೆಳಗೆ ಅನ್ನೋದನ್ನ ಹೇಳತ್ತೆ ಅಷ್ಟೇ. ನಿಜವಾದ ಸಮುದ್ರ, ಅಲೆ ಉಬ್ಬರ ಇಳಿತ ಎಲ್ಲಾ ಕಳೆದು ಸರಾಸರಿ ತಗೊಂಡ್ರೂ, ಆ ನುಣುಪಾದ ಗೋಳದ ಮೇಲೆ ಕೂತಿಲ್ಲ. ಕೆಲವು ಕಡೆ ಉಬ್ಬಿದೆ, ಕೆಲವು ಕಡೆ ಕುಸಿದಿದೆ. ಆ ಉಬ್ಬು ತಗ್ಗಿನ ಮೇಲ್ಮೈಗೆ ಜಿಯಾಯ್ಡ್ ಅಂತಾರೆ. ನ್ಯೂಗಿನಿ ಹತ್ರ ಎಲಿಪ್ಸಾಯಿಡ್‌ಗಿಂತ ಸುಮಾರು 85 ಮೀಟರ್ ಮೇಲಿದೆ. ನಮ್ಮ ಕಡೆ ಉಲ್ಟಾ, ಬೆಂಗಳೂರಲ್ಲಿ ಸುಮಾರು 86 ಮೀಟರ್ ಕೆಳಗೆ, ಡೆಲ್ಲಿ ಕಡೆ ಹೋದ್ರೆ ಐವತ್ತು ಚಿಲ್ಲರೆ, ಕನ್ಯಾಕುಮಾರಿ ಶ್ರೀಲಂಕಾ ಕಡೆ ಹೋದಷ್ಟೂ ಇನ್ನೂ ಕೆಳಗೆ.

ಆಂಡ್ರಾಯ್ಡ್ ಮೊದಲಿಂದ ಆ್ಯಪ್‌ಗಳಿಗೆ ಕೊಡ್ತಾ ಇದ್ದಿದ್ದು ಎಲಿಪ್ಸಾಯಿಡ್ ಎತ್ತರಾನೇ, ಐಫೋನ್ ಸಮುದ್ರ ಮಟ್ಟಕ್ಕೆ ಬದಲಾಯಿಸಿ ಕೊಡತ್ತೆ. ಆಂಡ್ರಾಯ್ಡ್ 14ರಿಂದ ಸಮುದ್ರ ಮಟ್ಟದ ಎತ್ತರ ಕೇಳಿ ತಗೊಳ್ಳೋ ದಾರಿ ಮಾಡಿದಾರೆ ಆದ್ರೆ ಆ್ಯಪ್ ಬರೆದೋರು ಅದನ್ನ ಬಳಸ್ಬೇಕಲ್ಲ. ಡೌಟ್ ಇದ್ರೆ ಬೆಂಗಳೂರು ರೈಲ್ವೆ ಸ್ಟೇಷನ್ ಹಳದಿ ಬೋರ್ಡ್ ಕೆಳಗೆ ನಿಂತು ನೋಡಿ, ಬೋರ್ಡ್ 900ರ ಆಸುಪಾಸು ಅಂದ್ರೆ ನಿಮ್ಮ ಆ್ಯಪ್ 810 ಅನ್ನತ್ತೆ. ಏರ್‌ಪೋರ್ಟ್ ಚಾರ್ಟ್‌ಗಳಲ್ಲೂ ಈ ವ್ಯತ್ಯಾಸ ಇಷ್ಟು ಅಡಿ ಅಂತ ಪ್ರಿಂಟ್ ಮಾಡಿರ್ತಾರೆ.

ಕಡಲಕರೆ
ಓಹ್ ಹಾಗಾದ್ರೆ ಫೋನ್ ಹೇಳಿದ್ದು ಸರಿಯೇ. ಆದ್ರೆ ನಮ್ಮ ಕಡೆಯೇ ಯಾಕೆ ಇಷ್ಟು ಕೆಳಗೆ? ಅರಬ್ಬೀ ಸಮುದ್ರದ ಸಮಸ್ಯೆಯಾ ಇದು?

ಫಿಸಿಕ್ಸ್ ಮೇಷ್ಟ್ರು
ಅರಬ್ಬೀ ಸಮುದ್ರ ಒಂದೇ ಅಲ್ಲ, ಅದಕ್ಕಿಂತ ದಕ್ಷಿಣಕ್ಕೆ ಹೋಗ್ಬೇಕು. ಶ್ರೀಲಂಕಾದ ಕೆಳಗೆ ಹಿಂದೂ ಮಹಾಸಾಗರದಲ್ಲಿ ಪ್ರಪಂಚದಲ್ಲೇ ಅತಿ ದೊಡ್ಡ ಜಿಯಾಯ್ಡ್ ತಗ್ಗು ಇದೆ, ಮಧ್ಯದಲ್ಲಿ 106 ಮೀಟರ್ ಕೆಳಗೆ, ವಿಸ್ತಾರ ಸುಮಾರು 30 ಲಕ್ಷ ಚದರ ಕಿ.ಮೀ., ಅಂದ್ರೆ ಹತ್ರ ಹತ್ರ ನಮ್ಮ ದೇಶದಷ್ಟೇ. ದಕ್ಷಿಣ ಭಾರತ ಪೂರ್ತಿ ಅದರ ದಂಡೆ ಮೇಲೆ ಕೂತಿದೆ ಅಂತಿಟ್ಕೊಳ್ಳಿ. 1948ರಲ್ಲಿ ಡಚ್ ವಿಜ್ಞಾನಿ ವೆನಿಂಗ್ ಮೈನೆಸ್ ಹಡಗಿನಲ್ಲಿ ಗುರುತ್ವ ಅಳೆದು ಗುರುತಿಸಿದ್ದು. 2023ರಲ್ಲಿ ಟಿವಿಯವರು ಸಮುದ್ರದಲ್ಲಿ ದೊಡ್ಡ ತೂತು, ಹಡಗು ಎಳ್ಕೊಳ್ಳತ್ತೆ ಅಂತೆಲ್ಲ ಹಿನ್ನೆಲೆ ಮ್ಯೂಸಿಕ್ ಹಾಕಿ ತೋರಿಸಿದ್ರಲ್ಲ, ಇದೇ ಅದು. ತೂತೂ ಇಲ್ಲ ಏನೂ ಇಲ್ಲ. ಅಲ್ಲಿ ಗುರುತ್ವ ಸ್ವಲ್ಪ ಕಮ್ಮಿ ಅಷ್ಟೇ.

ಸುಮ್ನೆ ಬಂದವ
ಗುರುತ್ವ ಕಮ್ಮಿ ಅಂದ್ರೆ ಅಲ್ಲಿಗೆ ಹೋದ್ರೆ ತೂಕ ಇಳಿಯತ್ತಾ, ನಮ್ಮನೇಲಿ ಕೇಳ್ತಿದಾರೆ

ಫಿಸಿಕ್ಸ್ ಮೇಷ್ಟ್ರು
ಇಳಿಯತ್ತೆ, 3 ಗ್ರಾಂ. 60 ಕೆಜಿಯೋರಿಗೆ. ಅಲ್ಲಿನ ಕೊರತೆ ಸುಮಾರು 50 ಮಿಲಿಗ್ಯಾಲ್ (ಗುರುತ್ವ ಅಳೆಯೋ ಸಣ್ಣ ಮಾನ), ಅಂದ್ರೆ ಒಟ್ಟು ಗುರುತ್ವದ 20 ಸಾವಿರದಲ್ಲಿ ಒಂದು ಪಾಲು. ಅದಕ್ಕಿಂತ ಧ್ರುವದಿಂದ ಸಮಭಾಜಕಕ್ಕೆ ಬಂದ್ರೆ ಲಾಭ ಜಾಸ್ತಿ, 300 ಗ್ರಾಂ ಹತ್ರ ಹೋಗತ್ತೆ, ಅದೂ ಸ್ಪ್ರಿಂಗ್ ತಕ್ಕಡೀಲಿ ಮಾತ್ರ. ಬಟ್ಟು ಇಟ್ಟು ತೂಗೋ ತಕ್ಕಡೀಲಿ ಏನೂ ಗೊತ್ತಾಗಲ್ಲ ಯಾಕಂದ್ರೆ ಬಟ್ಟೂ ಅಷ್ಟೇ ಹಗುರ ಆಗಿರತ್ತೆ.

ಎರಿಹೊಲ
ಸರ ಎಲ್ಲಾ ಓದಿದ್ಯಾ, ಒಂದು ತಿಳೀಲಿಲ್ರಿ. ನೀರು ತಗ್ಗಿಗೆ ಹರಿಯೂದು ಅಂತ ನಾವು ಸಣ್ಣವರಿದ್ದಾಗಿಂದ ನೋಡೇವಿ. ಅಲ್ಲಿ ಸಮುದ್ರ 106 ಮೀಟರ್ ತಗ್ಗೈತಿ ಅಂತೀರಿ, ನ್ಯೂಗಿನಿ ಕಡೆ 85 ಮೀಟರ್ ಏರೈತಿ ಅಂತೀರಿ, ಅಂದ್ರ ಎರಡರ ನಡುವ 190 ಮೀಟರ್ ಇಳಿಜಾರ ಆತಲ್ರಿ. ಆ ನೀರೆಲ್ಲಾ ಇತ್ತಾಗ ಯಾಕ ಬಂದು ತುಂಬಂಗಿಲ್ಲ? ಹಡಗಿನವ್ರು ಇಂಜಿನ್ ಬಂದ್ ಮಾಡಿ ಜಾರಿಕೊಂತ ಬರಬಹುದಲ್ರಿ?

ಫಿಸಿಕ್ಸ್ ಮೇಷ್ಟ್ರು
ಎರಿಹೊಲದವರು ಕೇಳಿದ್ದು ನಮ್ಮ ಎಂಎಸ್ಸಿ ಹುಡುಗರೂ ಕೇಳಲ್ಲ. ನೋಡಿ, ತಗ್ಗು ಅನ್ನೋದು ಯಾವುದಕ್ಕೆ ಹೋಲಿಸಿ ಅನ್ನೋದೇ ಇಲ್ಲಿ ಮುಖ್ಯ. ನಾವು 106 ಮೀಟರ್ ತಗ್ಗು ಅಂತಿರೋದು ಕಾಗದದ ಮೇಲಿನ ಒಂದು ಎಲಿಪ್ಸಾಯಿಡ್‌ಗೆ ಹೋಲಿಸಿ. ನೀರಿಗೆ ಆ ಎಲಿಪ್ಸಾಯಿಡ್ ಕಟ್ಕೊಂಡು ಏನಾಗ್ಬೇಕು. ನೀರಿಗೆ ಗೊತ್ತಿರೋದು ಒಂದೇ, ತೂಕದ ಗುಂಡು ಯಾವ ಕಡೆ ನೇತಾಡತ್ತೋ ಅದು ಕೆಳಗೆ, ಅದಕ್ಕೆ ನೇರ ಅಡ್ಡಲಾಗಿ ಇರೋದು ಮಟ್ಟ.

ಈಗ ಹಿಂದೂ ಮಹಾಸಾಗರದ ಕೆಳಗೆ ಎಲ್ಲೋ ಆಳದಲ್ಲಿ ದ್ರವ್ಯರಾಶಿ ಸ್ವಲ್ಪ ಕಮ್ಮಿ ಇದೆ ಅಂದ್ರೆ ಸುತ್ತಮುತ್ತಲಿನ ಭಾಗ ಹೆಚ್ಚು ಎಳೆಯತ್ತೆ, ತೂಕದ ಗುಂಡು ಆ ತಗ್ಗಿನಿಂದ ಆಚೆ ಕಡೆ ಕೂದಲೆಳೆಯಷ್ಟು ವಾಲತ್ತೆ, ಗುಂಡು ವಾಲಿದ ಹಾಗೆ ನೀರಿನ ಮೇಲ್ಮೈನೂ ವಾಲತ್ತೆ. ಗಾರೆಯವರ ಹತ್ರ ಇರೋ ರಸಮಟ್ಟ ತಗೊಂಡೋಗಿ ನ್ಯೂಗಿನಿಯಲ್ಲಿ ಇಡಿ, ಶ್ರೀಲಂಕಾ ಕೆಳಗೆ ಇಡಿ, ದಾರಿಯಲ್ಲಿ ಎಲ್ಲೇ ಇಡಿ, ಗುಳ್ಳೆ ನಡುವೇನೇ ಇರತ್ತೆ. ಇಳಿಜಾರೇ ಇಲ್ಲದ ಮೇಲೆ ಹರಿಯೋದು ಎಲ್ಲಿಂದ, ಜಾರೋದು ಎಲ್ಲಿಂದ.

ಹರಿಯೋದು ಯಾವಾಗ ಅಂದ್ರೆ ಸಮುದ್ರದ ಮೇಲ್ಮೈ ಈ ಜಿಯಾಯ್ಡ್‌ನ ಬಿಟ್ಟು ಮೇಲೆ ಕೆಳಗೆ ಆದಾಗ. ಗಾಳಿ, ಬಿಸಿ, ಉಪ್ಪಿನಂಶ ಇವುಗಳಿಂದ ಅಂಥ ಏರುಪೇರು ಇದ್ದೇ ಇದೆ, ಆದ್ರೆ ಅದು ಹೆಚ್ಚಂದ್ರೆ ಒಂದೆರಡು ಮೀಟರ್. ಪ್ರಪಂಚದ ದೊಡ್ಡ ದೊಡ್ಡ ಸಾಗರ ಪ್ರವಾಹ ಎಲ್ಲಾ ನಡೀತಿರೋದು ಆ ಒಂದೆರಡು ಮೀಟರ್ ಲೆಕ್ಕದಲ್ಲೇ. ಅದನ್ನ ಹಿಡೀಬೇಕು ಅಂದ್ರೆ ಮೊದಲು ಜಿಯಾಯ್ಡ್ ಸೆಂಟಿಮೀಟರ್ ಲೆಕ್ಕದಲ್ಲಿ ಗೊತ್ತಿರ್ಬೇಕು. ಅದಕ್ಕೇ ಯುರೋಪಿನವರು ಗೋಸ್ ಅಂತ ಉಪಗ್ರಹ ಬಿಟ್ಟಿದ್ದು, 2009ರಿಂದ 2013ರ ತನಕ, ಬರೀ 255 ಕಿ.ಮೀ. ಎತ್ತರದಲ್ಲಿ, ಅಷ್ಟು ಕೆಳಗೆ ಗಾಳಿ ತಡೀತಾ ಇರತ್ತೆ ಅಂತ ಸದಾ ಸಣ್ಣಗೆ ಇಂಜಿನ್ ಓಡಿಸ್ಕೊಂಡೇ ಇರ್ಬೇಕಿತ್ತು.

ಎರಿಹೊಲ
ಈಗ ತಿಳೀತ್ರಿ ಸರ. ಮಟ್ಟ ಅಂದ್ರ ಗುಂಡಿನ ಮಟ್ಟ, ಕಾಗದದ ಮಟ್ಟ ಅಲ್ಲ. ಮತ್ತ ಆ ಆಳದಾಗ ದ್ರವ್ಯ ಕಮ್ಮಿ ಆಗಾಕ ಕಾರಣ ಏನ್ರಿ, ಅದನ್ನ ಯಾರೂ ಹೇಳವಲ್ರಿ.

ಮ್ಯಾಂಟಲ್ ಪುರಾಣ
ಇದಕ್ಕೆ ನಾನು ಬರ್ತೀನಿ, ಈ ವಿಷಯದ ಪಕ್ಕದಲ್ಲೇ ಕೆಲಸ ಮಾಡೋಳು. ಉದ್ದ ಆಗತ್ತೆ, ಕಾಫಿ ಇಟ್ಕೊಂಡು ಓದಿ.

ಕಾರಣ ಹುಡುಕಿದ್ದೇ ನಮ್ಮ ಬೆಂಗಳೂರಲ್ಲಿ, ಅಂದ್ರೆ ಒಂದು ಮುಖ್ಯ ಉತ್ತರ. ಐಐಎಸ್‌ಸಿ ಭೂವಿಜ್ಞಾನ ಕೇಂದ್ರದ ದೇಬಾಂಜನ್ ಪಾಲ್ ಮತ್ತು ಆತ್ರೇಯೀ ಘೋಷ್ 2023ರಲ್ಲಿ ಜಿಯೋಫಿಸಿಕಲ್ ರಿಸರ್ಚ್ ಲೆಟರ್ಸ್‌ನಲ್ಲಿ ಪ್ರಕಟಿಸಿದ್ದು, ಟಿವಿಯವರ ತೂತು ಹುಟ್ಟಿದ್ದು ಅಲ್ಲಿಂದ. ಅವರು ಮಾಡಿದ್ದೇನು ಅಂದ್ರೆ 14 ಕೋಟಿ ವರ್ಷದ ಹಿಂದಿನಿಂದ ಇವತ್ತಿನ ತನಕ ಭೂಮಿಯ ಹೊರಚಿಪ್ಪಿನ ಫಲಕಗಳು ಹೆಂಗೆ ಓಡಾಡಿದ್ವು, ಅದರಿಂದ ಮ್ಯಾಂಟಲ್, ಅಂದ್ರೆ ಚಿಪ್ಪಿಗೂ ಒಳಗಿನ ಕೋರ್‌ಗೂ ನಡುವಿನ ದಪ್ಪ ಪದರ, ಹೆಂಗೆ ಕಲಕಿತು ಅಂತ ಕಂಪ್ಯೂಟರಲ್ಲಿ ಓಡಿಸಿದ್ರು, ಒಂದಲ್ಲ 19 ಸಲ, ಪ್ರತಿ ಸಲ ಮ್ಯಾಂಟಲ್‌ನ ಗುಣಗಳನ್ನ ಸ್ವಲ್ಪ ಸ್ವಲ್ಪ ಬದಲಾಯಿಸಿ. ಮ್ಯಾಂಟಲ್ ಕಲ್ಲೇ, ಆದ್ರೆ ಕೋಟಿ ವರ್ಷದ ಲೆಕ್ಕದಲ್ಲಿ ನೋಡಿದ್ರೆ ದ್ರವದ ಥರಾನೇ ಹರಿಯತ್ತೆ, ಆದ್ದರಿಂದ ಇಲ್ಲಿ ಹಾಕೋ ಸಮೀಕರಣಗಳೂ ದ್ರವದ್ದೇ.

ಅವರ ಕತೆ ಹೀಗೆ. ಭಾರತ ದಕ್ಷಿಣದಲ್ಲಿ ಎಲ್ಲೋ ಇತ್ತು, ನಮಗೂ ಏಷ್ಯಾಕ್ಕೂ ನಡುವೆ ಟೆಥಿಸ್ ಅಂತ ಸಮುದ್ರ. ಭಾರತ ಮೇಲಕ್ಕೆ ಬರ್ತಾ ಬರ್ತಾ ಆ ಸಮುದ್ರದ ತಳದ ಕಲ್ಲು ಏಷ್ಯಾದ ಅಡಿಗೆ ನುಗ್ಗಿ ಮ್ಯಾಂಟಲ್‌ಗೆ ಮುಳುಗ್ತು, ತಣ್ಣಗಿನ ಭಾರವಾದ ಕಲ್ಲು, ಮುಳುಗ್ತಾ ಮುಳುಗ್ತಾ ಕೋರ್‌ನ ಅಂಚಿನ ಹತ್ರಕ್ಕೆ. ಅಲ್ಲಿ ಆಫ್ರಿಕಾದ ಕೆಳಗೆ ಒಂದು ದೈತ್ಯ ಬಿಸಿ ಗುಡ್ಡೆ ಮೊದಲಿಂದಲೂ ಇದೆ. ಮುಳುಗಿದ ಕಲ್ಲು ಆ ಗುಡ್ಡೆಯನ್ನ ಅಲುಗಿಸ್ತು, ಅದರ ಅಂಚಿನಿಂದ ಬಿಸಿ ಹಗುರ ವಸ್ತು ಎದ್ದು ಬಂದು ಈಗ ಹಿಂದೂ ಮಹಾಸಾಗರದ ಕೆಳಗೆ 300ರಿಂದ 900 ಕಿ.ಮೀ. ಆಳದಲ್ಲಿ ಹರಡಿಕೊಂಡಿದೆ. ಬಿಸಿ ಅಂದ್ರೆ ಸಾಂದ್ರತೆ ಕಮ್ಮಿ, ಎಳೆತ ಕಮ್ಮಿ. ತಗ್ಗು ಈಗಿನ ರೂಪಕ್ಕೆ ಬಂದಿದ್ದು ಸುಮಾರು 2 ಕೋಟಿ ವರ್ಷದ ಹಿಂದೆ ಅಂತಾರೆ. ಇದಕ್ಕೂ ಮುಂಚೆ ತುಂಬಾ ಜನ ನಂಬಿದ್ದು ಬೇರೆ, ಹಳೇ ಮುಳುಗಿದ ಫಲಕಗಳೇ ಸಾಗರದ ಕೆಳಗೆ ಆಳದಲ್ಲಿ ಕೂತು ಈ ತಗ್ಗು ಮಾಡಿವೆ ಅಂತ. ಇವರು ಅಷ್ಟೇ ಸಾಲಲ್ಲ, ಮೇಲಿನ ಬಿಸಿ ವಸ್ತು ಇಲ್ದೆ ಆಕಾರ ಹೊಂದಲ್ಲ ಅಂದ್ರು.

ಆದ್ರೆ ಇಲ್ಲಿಗೆ ಮುಗೀತು ಅಂತಲ್ಲ. 19ರಲ್ಲಿ ಇವತ್ತಿನ ತಗ್ಗಿಗೆ ಹೋಲೋ ಆಕಾರ ಬಂದಿದ್ದು 6ರಲ್ಲಿ. ಇನ್ನೊಂದು, ಆಗಲೇ ಎದ್ದ ಆಕ್ಷೇಪ: 6.6 ಕೋಟಿ ವರ್ಷದ ಹಿಂದೆ ಈಗ ರಿಯೂನಿಯನ್ ದ್ವೀಪ ಇರೋ ಕಡೆ ಒಂದು ಭಾರೀ ಪ್ಲೂಮ್, ಅಂದ್ರೆ ಆಳದಿಂದ ಏಳೋ ಬಿಸಿ ಕಲ್ಲಿನ ಕಂಬ, ಎದ್ದು ದಖ್ಖನ್ ಲಾವಾ ಸುರೀತಲ್ಲ, ಈ ಮಾಡೆಲ್‌ನಲ್ಲಿ ಅದೇ ಹುಟ್ಟಲ್ಲ. ಕಣ್ಣೆದುರಿಗೆ ಸಾಕ್ಷಿ ಇರೋ ಪ್ಲೂಮನ್ನೇ ತೋರಿಸದ ಲೆಕ್ಕ, ಸಾಕ್ಷಿ ಕಮ್ಮಿ ಇರೋ ಪ್ಲೂಮ್ ಬಗ್ಗೆ ಹೇಳಿದ್ರೆ ಎಷ್ಟು ನಂಬೋದು ಅಂತ ವಾದ. ನನ್ನ ಅಭಿಪ್ರಾಯ ಕೇಳಿದ್ರೆ ವಾದದಲ್ಲಿ ತೂಕ ಇದೆ. ಆದ್ರೆ ಲಾವಾ ಸುರಿಸಿದ ಒಂದು ಕಿರಿದಾದ ಪ್ಲೂಮ್ ಬೇರೆ, ಜಿಯಾಯ್ಡ್‌ಗೆ ಬೇಕಾಗಿರೋ ಸಾವಿರಾರು ಕಿ.ಮೀ. ಹರಡಿದ ಬಿಸಿ ಹಾಸು ಬೇರೆ, ಮೊದಲನೇದು ತಪ್ಪಿದ್ರೂ ಎರಡನೇದು ಸರಿ ಇರೋಕೆ ಸಾಧ್ಯ. ತೀರ್ಮಾನ ಆಗ್ಬೇಕಾಗಿರೋದು ಭೂಕಂಪದ ಅಲೆಗಳಿಂದ, ಬಿಸಿ ಕಲ್ಲಲ್ಲಿ ಅಲೆ ನಿಧಾನ ಆಗತ್ತಲ್ಲ. ಸಮುದ್ರದ ನಡುವೆ ಸ್ಟೇಷನ್ ಇಡೋಕೆ ಜಾಗ ಇಲ್ಲ, ಹಂಗಾಗಿ ತಳಕ್ಕೇ ಮಾಪಕ ಇಳಿಸ್ಬೇಕು, 2018ರಲ್ಲಿ ಗೋವಾದ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದೋರು ಆ ಕೆಲಸಾನೂ ಮಾಡಿದಾರೆ.

ಎರಿಹೊಲ
ಅಕ್ಕಾರ, ಆ ರಿಯೂನಿಯನ್ ಲಾವಾ ಅಂದ್ರ ನಮ್ಮ ಎರಿ ಮಣ್ಣೇ ಹೌದಲ್ರಿ? ವಿಜಯಪುರ, ಬೆಳಗಾವಿ, ಕಲಬುರ್ಗಿ ಕಡೆ ಕರಿ ಕಲ್ಲು ಎಲ್ಲಾ ಅದೇ ಅಂತ ಶಾಲ್ಯಾಗ ಹೇಳಿದ್ರು. ಅಂದ್ರ ನಮ್ಮ ಹೊಲಾನ ಆ ಮಾಡೆಲ್‌ಗೆ ಸಾಕ್ಷಿ ಹೇಳಾಕ ನಿಂತೈತಿ.

ಮ್ಯಾಂಟಲ್ ಪುರಾಣ
ಹೌದು, ಅದೇ ಬಸಾಲ್ಟು. ಸಾಕ್ಷಿ ಸದ್ಯಕ್ಕೆ ಮಾಡೆಲ್ ವಿರುದ್ಧ.

ಹಾಸನದೋಳು
ಒಂದು ಅಡ್ಡ ಪ್ರಶ್ನೆ. ನಮ್ಮೂರಲ್ಲಿ ಇಸ್ರೋದ ಎಂಸಿಎಫ್, ಅಂದ್ರೆ ಉಪಗ್ರಹ ನಿಯಂತ್ರಣ ಕೇಂದ್ರ ಇದೆ, ಜಿಪಿಎಸ್ ಥರದ್ದೇ ನಮ್ಮ ದೇಶದ ವ್ಯವಸ್ಥೆ ನಾವಿಕ್ ನಾವಿಕ್ ಅಂತ ಕೇಳ್ತಾನೇ ಇರ್ತೀವಿ. ಜಿಪಿಎಸ್ ಬಿಟ್ಟು ನಮ್ದೇ ನಾವಿಕ್ ಬಳಸಿದ್ರೆ ಈ 86 ಮೀಟರ್ ವ್ಯತ್ಯಾಸ ಸರಿ ಹೋಗುತ್ತಾ?

ಲೆವೆಲ್ ಪುಸ್ತಕ
ಇಲ್ಲಮ್ಮ. ನಾವಿಕ್, ಯುರೋಪಿನ ಗೆಲಿಲಿಯೋ, ರಷ್ಯಾದ ಗ್ಲೊನಾಸ್ ಯಾವ್ದೇ ಆಗ್ಲಿ ಉಪಗ್ರಹದ ಲೆಕ್ಕ ಎಲ್ಲಾ ಎಲಿಪ್ಸಾಯಿಡ್ ಮೇಲೇನೇ. ಸಮುದ್ರ ಮಟ್ಟ ಬೇಕು ಅಂದ್ರೆ ಜಿಯಾಯ್ಡ್ ಕೋಷ್ಟಕ ಬೇರೆ ಹಾಕ್ಲೇಬೇಕು. ನಾವಿಕ್‌ಗೆ ಇರೋ ತೊಂದರೆನೇ ಬೇರೆ, ಹಳೇ ಉಪಗ್ರಹಗಳಲ್ಲಿ ಅಟಾಮಿಕ್ ಗಡಿಯಾರಗಳು ಒಂದೊಂದೇ ಕೈಕೊಟ್ವು, 2023ರ ಮೇನಲ್ಲಿ ದೇಶೀ ರುಬಿಡಿಯಂ ಗಡಿಯಾರ ಇರೋ ಎನ್‌ವಿಎಸ್-01 ಹೋಯ್ತು, ಆಮೇಲೆ 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02ಗೆ ಕಕ್ಷೆ ಏರಿಸೋಕೇ ಆಗ್ಲಿಲ್ಲ.

ಫಿಸಿಕ್ಸ್ ಮೇಷ್ಟ್ರು
ಕಕ್ಷೆ ತಪ್ಪಿದ್ದು ಅಂದಾಗ ಒಂದು ನೆನಪಾಯ್ತು. 2014ರಲ್ಲಿ ಯುರೋಪಿನ ಎರಡು ಗೆಲಿಲಿಯೋ ಉಪಗ್ರಹಗಳು ತಪ್ಪು ಕಕ್ಷೆಗೆ ಹೋದ್ವು, ದುಂಡಗೆ ಇರ್ಬೇಕಾಗಿದ್ದು ಉದ್ದಕ್ಕೆ ಆಯ್ತು, ಭೂಮಿಗೆ ಹತ್ರ ದೂರ ಹತ್ರ ದೂರ. ಹತ್ರ ಬಂದಾಗ ಗಡಿಯಾರ ನಿಧಾನ, ದೂರ ಹೋದಾಗ ಬೇಗ, ಐನ್‌ಸ್ಟೈನ್ ಹೇಳಿದ್ದು ಇದನ್ನೇ ತಾನೇ ಅಂತ ಅದೇ ಉಪಗ್ರಹಗಳಲ್ಲಿ ಅಳೆದ್ರು. 1976ರಿಂದ ಇದ್ದ ಹಳೇ ರಾಕೆಟ್ ಪ್ರಯೋಗಕ್ಕಿಂತ ನಿಖರವಾಗಿ ಬಂತು, 2018ರಲ್ಲಿ ಪ್ರಕಟ ಆಯ್ತು. ಇನ್ಶೂರೆನ್ಸ್ ಕ್ಲೇಮ್ ಮಾಡೋ ಬದ್ಲು ಪೇಪರ್ ಬರೆದ್ರು ನೋಡಿ.

ಕಡಲಕರೆ
ಜಿಪಿಎಸ್ ಇಲ್ಲದ ಕಡೆ ಈ ಗುರುತ್ವದ ಮ್ಯಾಪ್ ಹಿಡ್ಕೊಂಡೇ ದಾರಿ ಹುಡುಕ್ಲಿಕ್ಕೆ ಆಗುದಿಲ್ವಾ? ನೀರಿನ ಅಡಿಯಲ್ಲಿ ಸಿಗ್ನಲ್ ಹೋಗುದಿಲ್ಲ ಅಲ್ವಾ.

ಮ್ಯಾಂಟಲ್ ಪುರಾಣ
ಆಗತ್ತೆ, ಅದರ ಮೇಲೆ ಈಗ ದುಡ್ಡು ಸುರೀತಿದಾರೆ. ಸಬ್‌ಮರೀನ್‌ಗಳಿಗೆ ಜಡತ್ವದ ಲೆಕ್ಕದ ಯಂತ್ರ ಇರತ್ತೆ, ಎಷ್ಟು ವೇಗ ಎಷ್ಟು ತಿರುವು ಅಂತ ಕೂಡಿಸ್ತಾ ಹೋಗೋದು, ಆದ್ರೆ ಹೊತ್ತು ಹೋದಂಗೆ ತಪ್ಪೂ ಕೂಡ್ತಾ ಹೋಗತ್ತೆ. ಜೊತೆಗೆ ಸೂಕ್ಷ್ಮ ಗುರುತ್ವ ಮಾಪಕ ಇದ್ರೆ ಕೆಳಗಿನ ಬೆಟ್ಟ ಕಣಿವೆಯ ಎಳೆತ ನೋಡ್ಕೊಂಡು ಮ್ಯಾಪ್‌ಗೆ ಹೊಂದಿಸಿ ತಪ್ಪು ತಿದ್ದಬಹುದು. ಜಾಮ್ ಮಾಡೋಕೂ ಆಗಲ್ಲ, ಗುರುತ್ವವನ್ನ ಯಾರು ಜಾಮ್ ಮಾಡ್ತಾರೆ. ತೊಡಕು ಏನಂದ್ರೆ ಮ್ಯಾಪ್ ಅಷ್ಟು ಚೆನ್ನಾಗಿರ್ಬೇಕು. 2005ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಅನ್ನೋ ಅಣು ಸಬ್‌ಮರೀನ್ ಗುವಾಮ್ ದಕ್ಷಿಣಕ್ಕೆ ಪೂರ್ತಿ ವೇಗದಲ್ಲಿ ಹೋಗಿ ಸಮುದ್ರದೊಳಗಿನ ಬೆಟ್ಟಕ್ಕೆ ಗುದ್ದಿ ಒಬ್ಬ ನಾವಿಕ ಸತ್ತ, ಅವರು ಹಿಡಿದಿದ್ದ ಚಾರ್ಟಲ್ಲಿ ಆ ಬೆಟ್ಟ ಇರ್ಲೇ ಇಲ್ಲ.

ಈಗ ಸ್ವಾಟ್ ಅಂತ ಉಪಗ್ರಹ ಇದೆ, ನಾಸಾ ಮತ್ತು ಫ್ರಾನ್ಸಿನೋರದ್ದು, 2022ರ ಡಿಸೆಂಬರ್‌ನಲ್ಲಿ ಹಾರಿದ್ದು. ನೀರೊಳಗೆ ಬೆಟ್ಟ ಇದ್ರೆ ಅದು ನೀರನ್ನ ತನ್ನ ಕಡೆ ಸ್ವಲ್ಪ ಎಳ್ಕೊಂಡು ಮೇಲ್ಮೈ ಉಬ್ಬಿರತ್ತೆ, ಇದು ಆ ಉಬ್ಬನ್ನ ಮೇಲಿಂದ ರೇಡಾರಲ್ಲಿ ಅಳೆಯತ್ತೆ. ಹಳೇ ಉಪಗ್ರಹಗಳ 30 ವರ್ಷದ ಡೇಟಾಗಿಂತ ಇದರ ಒಂದೇ ವರ್ಷದ ಡೇಟಾದಲ್ಲಿ ಸಮುದ್ರ ತಳ ಸ್ಪಷ್ಟವಾಗಿ ಕಂಡಿದೆ, 2024ರ ಕೊನೆಗೆ ಸೈನ್ಸ್ ಪತ್ರಿಕೆಯಲ್ಲಿ ಬಂತು. ಒಂದು ಕಿಲೋಮೀಟರ್‌ಗಿಂತ ಗಿಡ್ಡ ಬೆಟ್ಟಗಳೂ ಸಿಗ್ತಿವೆ.

ಎರಿಹೊಲ
ಇಷ್ಟೆಲ್ಲಾ ಮ್ಯಾಲಿಂದ ಕಾಣತೈತಿ ಅಂದ್ರ ನಮ್ಮ ಬೋರ್‌ವೆಲ್‌ನಾಗ ನೀರ ಎಷ್ಟೈತಿ ಅಂತ ಹೇಳಬಹುದಲ್ರಿ?

ಮ್ಯಾಂಟಲ್ ಪುರಾಣ
ನಿಮ್ಮ ಒಂದು ಬೋರ್‌ವೆಲ್ ಆಗಲ್ಲ ಅಣ್ಣ, ರಾಜ್ಯದ ಲೆಕ್ಕ ಆಗತ್ತೆ. ಗ್ರೇಸ್ ಅಂತ ಜೋಡಿ ಉಪಗ್ರಹ, ಒಂದರ ಹಿಂದೆ ಒಂದು ಸುಮಾರು 220 ಕಿ.ಮೀ. ದೂರದಲ್ಲಿ ಓಡೋದು, ಕೆಳಗೆ ದ್ರವ್ಯ ಹೆಚ್ಚಿದ್ರೆ ಮುಂದಿನದು ಮೊದಲು ಎಳೆಯಲ್ಪಟ್ಟು ನಡುವಿನ ದೂರ ಕೂದಲೆಳೆಗಿಂತ ಕಮ್ಮಿ ಬದಲಾಗತ್ತೆ, ಅದನ್ನ ಅಳೆಯೋದು. ಪಂಜಾಬ್, ಹರಿಯಾಣ, ರಾಜಸ್ಥಾನ ಕಡೆ 2002ರಿಂದ 2008ರೊಳಗೆ 109 ಘನ ಕಿ.ಮೀ. ಅಂತರ್ಜಲ ಖಾಲಿ ಆಗಿದೆ ಅಂತ 2009ರಲ್ಲಿ ಹೇಳಿದ್ದು ಇದರ ಡೇಟಾದಿಂದ್ಲೇ. ಆದ್ರೆ ಇದರ ಕಣ್ಣಿಗೆ ಸುಮಾರು 300 ಕಿ.ಮೀ.ಗಿಂತ ಚಿಕ್ಕದು ಬಿಡಿಬಿಡಿಯಾಗಿ ಕಾಣಲ್ಲ. ಈಗಿರೋದು ಅದರ ತಮ್ಮ, 2018ರಲ್ಲಿ ಹೋಗಿದ್ದು.

ಲೆವೆಲ್ ಪುಸ್ತಕ
ಎರಿಹೊಲದವರಿಗೆ ಬೋರ್‌ವೆಲ್‌ಗಿಂತ ಹತ್ತಿರದ ವಿಷಯ ಕಾಲುವೆ, ಅದನ್ನ ಹೇಳಿ ಬಿಡ್ತೀನಿ. ಮುಖ್ಯ ಕಾಲುವೆಗೆ ಇಳಿಜಾರು ಅಂದ್ರೆ ಹತ್ತು ಸಾವಿರಕ್ಕೆ ಒಂದು ಇರ್ಬಹುದು, ಕಿಲೋಮೀಟರಿಗೆ 10 ಸೆಂ.ಮೀ., ಕೆಲವು ಕಡೆ ಅದಕ್ಕಿಂತ ಕಮ್ಮಿ. ಈಗ ಬೆಂಗಳೂರಿಂದ ಡೆಲ್ಲಿಗೆ ಜಿಯಾಯ್ಡ್ ಏರೋದನ್ನ ಭಾಗಿಸಿ ನೋಡಿ, ಸರಾಸರಿ ಕಿಲೋಮೀಟರಿಗೆ 2 ಸೆಂ.ಮೀ. ಹತ್ರ ಬರತ್ತೆ, ಅದು ಎಲ್ಲಾ ಕಡೆ ಒಂದೇ ಸಮ ಇರಲ್ಲ, ಬೆಟ್ಟದ ಪಕ್ಕ ಜಾಸ್ತಿ ಆಗತ್ತೆ. ಡಿಜಿಪಿಎಸ್‌ನಲ್ಲಿ (ಸರ್ವೆಯೋರ ನಿಖರ ಜಿಪಿಎಸ್) ಬಂದ ಎಲಿಪ್ಸಾಯಿಡ್ ಎತ್ತರ ಹಂಗೇ ಇಟ್ಕೊಂಡು ಕಾಲುವೆ ತೆಗೆದ್ರೆ ಐದರಲ್ಲಿ ಒಂದು ಪಾಲು ಇಳಿಜಾರು ಕಾಗದದ ಮೇಲೆ ಮಾತ್ರ ಇರತ್ತೆ, ಇಲ್ಲಾ ಬೇಡದ ಕಡೆ ಜಾಸ್ತಿ ಇರತ್ತೆ. ಟೇಲ್ ಎಂಡ್‌ಗೆ ನೀರು ಬರಲ್ಲ ಅನ್ನೋದಕ್ಕೆ ನೂರು ಕಾರಣ ಇವೆ, ಎಲ್ಲಾ ಇದೇ ಅಂತ ಹೇಳ್ತಿಲ್ಲ.

ನನಗೆ ಆದ ಪಂಚಾಯ್ತಿ ಹೇಳ್ತೀನಿ. ಒಂದು ಕೆರೆ ತುಂಬಿಸೋ ಕೆಲಸಕ್ಕೆ ಡ್ರೋನ್ ಸರ್ವೆ ಮಾಡ್ಸಿದ್ರು. ಕಾಂಟೂರ್ ಮ್ಯಾಪ್ ಚಂದ ಬಂತು, ಬಣ್ಣ ಬಣ್ಣ. ಸೈಟಲ್ಲಿ ಮಟ್ಟ ನೋಡೋ ಆಟೋ ಲೆವೆಲ್ ಇಟ್ಟು, ಹಳೇ ಬೆಂಚ್ ಮಾರ್ಕ್‌ನಿಂದ (ಎತ್ತರ ಗೊತ್ತಿರೋ ಗುರುತಿನ ಕಲ್ಲು) ತಂದ ಟಿಬಿಎಂ, ಅಂದ್ರೆ ತಾತ್ಕಾಲಿಕ ಗುರುತು ಹಿಡಿದ್ರೆ 80 ಚಿಲ್ಲರೆ ಮೀಟರ್ ವ್ಯತ್ಯಾಸ. ಡ್ರೋನಿನೋರು ಎಲ್ಲದಕ್ಕೂ ಒಂದೇ ಸಂಖ್ಯೆ ಕೂಡಿಸಿ ಕೊಡ್ತೀವಿ ಸಾರ್ ಅಂದ್ರು. ಸಣ್ಣ ಸೈಟಿಗೆ ಅದು ನಡೆಯತ್ತೆ, ಪೈಪ್‌ಲೈನ್ ಮೂವತ್ತು ನಲವತ್ತು ಕಿಲೋಮೀಟರ್ ಇದ್ದಾಗ ನಡೆಯಲ್ಲ, ಆ ತುದಿಗೆ ಈ ಸಂಖ್ಯೆನೇ ಬೇರೆ. ಜಗಳ ಆಡಿ ಎರಡೂ ತುದಿಗೆ ಲೆವೆಲಿಂಗ್ ಮಾಡಿ ಹೊಂದಿಸಿದ್ವಿ.

ಅಂದಹಾಗೆ ನಮ್ಮ ದೇಶದ ಸಮುದ್ರ ಮಟ್ಟ ಅನ್ನೋ ಸೊನ್ನೆ ಎಲ್ಲಿಂದ ಬಂತು ಗೊತ್ತಾ? ಕರಾಚಿಯಿಂದ ಹಿಡಿದು ಪೂರ್ವ ಕರಾವಳಿ ತನಕ 9 ಬಂದರುಗಳಲ್ಲಿ ಉಬ್ಬರ ಇಳಿತ ಅಳೆದು 1909ರಲ್ಲಿ ಗೊತ್ತು ಮಾಡಿದ್ದು, ಅದರಲ್ಲಿ ಕಾರವಾರಾನೂ ಒಂದು. 9 ಕಡೇನೂ ಸೊನ್ನೆ ಅಂತ ಬಲವಂತವಾಗಿ ಕಟ್ಟಿಹಾಕಿದ್ರು.

ಫಿಸಿಕ್ಸ್ ಮೇಷ್ಟ್ರು
ಅದಕ್ಕೂ ಹಳೇದು ಇದೆ. ಬ್ರಿಟಿಷರ ಕಾಲದ ದೇಶ ಅಳೆಯೋ ತ್ರಿಕೋನ ಸರ್ವೆಯಲ್ಲಿ ಉತ್ತರ ಭಾರತದ ಕಲ್ಯಾಣಪುರ ಮತ್ತು ಕಲಿಯಾನಾ ನಡುವಿನ ಅಂತರ ನೆಲದಲ್ಲಿ ಅಳೆದದ್ದಕ್ಕೂ ನಕ್ಷತ್ರ ನೋಡಿ ಲೆಕ್ಕ ಹಾಕಿದ್ದಕ್ಕೂ 5 ಸೆಕೆಂಡ್ ಕೋನ (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಸೆಕೆಂಡ್) ತಪ್ಪು ಬಂತು, ನೆಲದ ಮೇಲೆ ಸುಮಾರು 160 ಮೀಟರ್. ಹಿಮಾಲಯ ತೂಕದ ಗುಂಡನ್ನ ಎಳೀತಿದೆ ಅಂತ ಕಲ್ಕತ್ತೆಯ ಪಾದ್ರಿ ಪ್ರ್ಯಾಟ್ 1855ರಲ್ಲಿ ಲೆಕ್ಕ ಹಾಕಿದ್ರೆ 16 ಸೆಕೆಂಡ್ ಎಳೀಬೇಕಿತ್ತು. ಎಳೆದಿದ್ದು ಮೂರನೇ ಒಂದು ಪಾಲು ಮಾತ್ರ. ಬೆಟ್ಟದ ಬುಡದಲ್ಲಿ ಹಗುರ ಬೇರು ಇದೆ ಅನ್ನೋ ಯೋಚನೆ ಅಲ್ಲಿಂದ್ಲೇ ಶುರು ಆಗಿದ್ದು.

ಕಡಲಕರೆ
ಥ್ಯಾಂಕ್ಸ್ ಎಲ್ರಿಗೂ. ಸೆಟ್ಟಿಂಗ್‌ನಲ್ಲಿ ನೋಡಿದ್ರೆ ಇಜಿಎಂ 96 ಕರೆಕ್ಷನ್ ಅಂತ, ಜಿಯಾಯ್ಡ್ ಮಾಡೆಲ್ ಹಾಕಿ ಎತ್ತರ ತಿದ್ದುವ ಒಂದು ಆಯ್ಕೆ ಉಂಟು, ಆಫ್ ಇತ್ತು. ಆನ್ ಮಾಡಿದೆ, ಈಗ ಪ್ಲಸ್ 4 ಬರ್ತದೆ. ಕುಮಾರಪರ್ವತದಲ್ಲಿ 1712 ಅಂತ ಬರುದು ನನಗೆ ಯಾಕೆ 1620ರ ಹತ್ರ ಬರ್ತಿತ್ತು ಅಂತ ಈಗ ಗೊತ್ತಾಯ್ತು.

ಎರಿಹೊಲ
ಲೆವೆಲ್ ಪುಸ್ತಕದವರ, ನಮ್ಮೂರಾಗ ಪೈಪ್‌ಲೈನ್ ಸರ್ವೆ ಬರೂದೈತಿ ಮುಂದಿನ ತಿಂಗಳ. ಗ್ರಾಮಸಭಾದಾಗ ನಾ ಏನ್ ಕೇಳ್ಲಿ?

ಲೆವೆಲ್ ಪುಸ್ತಕ
ಎರಡೇ ಮಾತು ಕೇಳಿ. ಎತ್ತರ ಯಾವ ಡೇಟಮ್‌ನಿಂದ, ಅಂದ್ರೆ ಯಾವ ಸೊನ್ನೆ ಮಟ್ಟದಿಂದ ತಗೊಂಡಿದೀರಿ, ಜಿಯಾಯ್ಡ್ ಮಾಡೆಲ್ ಯಾವ್ದು ಹಾಕಿದೀರಿ. ಬರವಣಿಗೆಯಲ್ಲಿ ಕೊಡಿ ಅನ್ನಿ. ಆಮೇಲೆ ಊರ ಹತ್ರದ ಬೆಂಚ್ ಮಾರ್ಕ್ ಕಲ್ಲು ಎಲ್ಲಿದೆ ಅಂತ ನೀವೇ ಮೊದಲು ಹುಡುಕಿಡಿ, ಎಷ್ಟೋ ಕಡೆ ಅದನ್ನ ಕಾಂಪೌಂಡ್ ಗೋಡೆಗೆ ಸೇರಿಸಿ ಕಟ್ಟಿರ್ತಾರೆ, ಹಳೇ ಸೇತುವೆ, ಕಚೇರಿ ಮೆಟ್ಟಿಲ ಹತ್ರ ಬಾಣದ ಗುರುತು ನೋಡಿ. ಸಿಕ್ಕಿದ್ರೆ ಫೋಟೋ ಹಾಕಿ ಇಲ್ಲೇ.